ಬೇಡ ಎನ್ನುವವರಿಗೊಂದು ಸನ್ಮಾನ

ನಾನು ಅಧ್ಯಕ್ಷೆಯಾದ ಮೇಲೆ ನನ್ನ ಜೋಕುಗಳಿಗೆ ಜನ ನಗಲು ಶುರು ಮಾಡಿದರು. ಅದಕ್ಕೆ ಮುಂಚೆ ಬಹಳ ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದ್ದೆ. ನನ್ನ ಮಾತಿಗೆ ಒಂದು ದಿನವೂ ಯಾವ ಹುಡುಗನೂ ನಕ್ಕ ನೆನಪಿಲ್ಲ. ತಮಾಷೆ ಮಾಡುವ ಮುಂಚೆ ಒಂದು ಮಾತು ಹೇಳಿಬಿಡು, ಇಲ್ಲದಿದ್ದರೆ ಗೊತ್ತಾಗುವುದಿಲ್ಲ ಎಂದು ನನ್ನ ಯಜಮಾನರು ಈಗಲೂ ರೇಗಿಸುತ್ತಾರೆ. ಅಂಥವಳು ಸಭೆಯಲ್ಲಿ ಉಪ್ಪಿಟ್ಟು ಸಪ್ಪೆಯಾಗಿದೆ, ನಮ್ಮ ಖಜಾಂಚಿಗಳ ಹಾಗೆ ಎಂದರೆ ಖಜಾಂಚಿಯೂ ಸೇರಿ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನಿವೃತ್ತಿಯಾದ ಮೇಲೆ ಹಾಸ್ಯಪ್ರಜ್ಞೆ ಕುದುರಿದೆ ಎಂದುಕೊಂಡೆ.

ಅಧ್ಯಕ್ಷೆ ಎಂದರೆ ಯಾವ ದೊಡ್ಡ ಪಟ್ಟವೂ ಅಲ್ಲ. ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ನಮ್ಮ ಜನಾಂಗದ ಟ್ರಸ್ಟ್ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುತ್ತದೆ. ಶಿವಮೊಗ್ಗಕ್ಕೆ ಓದಲು ಬರುವ, ಪಿಜಿಗಳಲ್ಲಿ ಇರುವಷ್ಟು ಅನುಕೂಲವಿಲ್ಲದ ಹುಡುಗಿಯರಿಗೆ ಊಟ, ಒಂದು ಮಂಚ, ಒಂದು ಕಬ್ಬಿಣದ ಬೀರು. ಅದಕ್ಕೊಂದು ಸಮಿತಿ. ಎಲ್ಲರೂ ನಿವೃತ್ತರು, ಇಲ್ಲವೇ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂರಲಾರದವರು. ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಸೇರಿ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹಾಸ್ಟೆಲಿನ ವ್ಯವಹಾರ ಮಾತಾಡುವುದು ರೂಢಿ.

ಆ ಸಮಿತಿಗೆ ನನ್ನನ್ನು ಎಳೆದು ತಂದವರು ಭದ್ರಾವತಿಯ ಒಬ್ಬ ಹಿರಿಯರು. ನನ್ನ ಸ್ವಂತ ಅಣ್ಣನ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ನಾನೂ ಅದೇ ಊರಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಮೂಗು ಸೋರಿಸಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದ ನನ್ನನ್ನು ಅವರು ಕಂಡಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಏಕವಚನದಲ್ಲೇ ಕರೆಯುತ್ತಿದ್ದರು, ಮಾತು ಮಾತಿಗೆ ಮಾರಾಯ್ತಿ ಎನ್ನುತ್ತಿದ್ದರು. ಹಳೆಯ ಅಧ್ಯಕ್ಷರು ಕಣ್ಣು ಕಾಣುವುದಿಲ್ಲ ಎಂದು ಬಿಟ್ಟಾಗ ನನ್ನ ಹೆಸರು ಹೇಳಿದವರೂ ಅವರೇ. ಹೆಣ್ಣುಮಕ್ಕಳ ಹಾಸ್ಟೆಲಿಗೆ ಗಂಡಸರ ಯಜಮಾನಿಕೆ ಸಾಕು, ಇವಳು ಓದಿದವಳು, ಬಾಯಿಯೂ ಇದೆ, ಮಾಡಲಿ ಎಂದರು. ಉಳಿದವರು ಹೂಂ ಎಂದರು.

ಮೊದಲ ವರ್ಷ ನಾನು ಏನು ಮಾಡುವುದಿದ್ದರೂ ಕೇಳಿಯೇ ಮಾಡುತ್ತಿದ್ದೆ. ಅಡುಗೆಯವರನ್ನು ಕೇಳುತ್ತಿದ್ದೆ, ವಾರ್ಡನ್ನನ್ನು ಕೇಳುತ್ತಿದ್ದೆ, ಹುಡುಗಿಯರ ಕೋಣೆಗೆ ಹೋಗಿ ಮಂಚದ ಮೇಲೆ ಕುಳಿತು ಅವರನ್ನೂ ಕೇಳುತ್ತಿದ್ದೆ. ಆಮೇಲೆ ಕೇಳುವುದು ಯಾವಾಗ ನಿಂತಿತೋ ನನಗೆ ತಿಳಿಯದು. ನಾನು ಬರುವವರೆಗೆ ಕಾಫಿ ಹಂಚಬಾರದು ಎಂದು ಯಾರೋ ಶುರು ಮಾಡಿದರು. ನಾನು ಬೇಡ ಎನ್ನಲಿಲ್ಲ. ಎಲ್ಲರಿಗೂ ಪ್ಲಾಸ್ಟಿಕ್ ಕುರ್ಚಿ, ನನಗೆ ಮಾತ್ರ ಕೈಯಿರುವ ಮರದ ಕುರ್ಚಿ ಬಂತು. ಸೊಂಟನೋವಿಗೆ ಒಳ್ಳೆಯದು ಎಂದು ಸುಮ್ಮನಾದೆ. ನಾನು ಒಳಗೆ ಬಂದರೆ ಊಟ ಮಾಡುತ್ತಿದ್ದ ಹುಡುಗಿಯರು ಎಂಜಲು ಕೈಯಲ್ಲೇ ಎದ್ದು ನಿಲ್ಲುತ್ತಿದ್ದರು. ಕುಳಿತುಕೊಳ್ಳಿ ಎನ್ನುತ್ತಿದ್ದೆ ನಿಜ, ಆದರೆ ಎಲ್ಲರೂ ಎದ್ದ ಮೇಲೆ ಎನ್ನುತ್ತಿದ್ದೆ. ರಾಜರು ಹೇಗೆ ಕೆಟ್ಟರು ಎಂದು ಅಷ್ಟು ವರ್ಷ ಪಾಠ ಹೇಳಿದವಳಿಗೆ ಒಂದು ಮರದ ಕುರ್ಚಿ ಸಾಕಾಯಿತು.

ಅಣ್ಣ ಮಾತ್ರ ಬದಲಾಗಲಿಲ್ಲ. ನಾನು ಯಾವ ವಿಷಯ ತೆಗೆದರೂ ಅವರ ಮೊದಲ ಮಾತು, "ಒಂದ್ನಿಮಿಷ ತಡಿ ಮಾರಾಯ್ತಿ." ಊಟದ ಮನೆಗೆ ಟೈಲ್ಸ್ ಹಾಕಿಸೋಣ ಎಂದರೆ ಜಾರುತ್ತೆ ಬೇಡ. ದೋಸೆ ಹಿಟ್ಟಿಗೆ ದೊಡ್ಡ ಗ್ರೈಂಡರ್ ತರೋಣ ಎಂದರೆ ಇರುವುದೇ ತಿರುಗುತ್ತಿದೆಯಲ್ಲ, ಬೇಡ. ಗೇಟಿಗೆ ಕ್ಯಾಮೆರಾ ಎಂದರೆ ಹೆಣ್ಣುಮಕ್ಕಳು ಕಳ್ಳರೇನು, ಬೇಡ. ಅವರ ಬೇಡಗಳಲ್ಲಿ ಅರ್ಧಕ್ಕೂ ಹೆಚ್ಚು ಬರೀ ಹಟ ಎಂದು ಇವತ್ತಿಗೂ ಹೇಳಬಲ್ಲೆ. ಗ್ರೈಂಡರ್ ತಂದೆವು, ಒಳ್ಳೆಯದೇ ಆಯಿತು, ಟೈಲ್ಸ್ ಮೇಲೆ ಯಾರೂ ಜಾರಲಿಲ್ಲ. ಆದರೆ ಅವರು ಬೇಡ ಎಂದ ಮೇಲೆ ನಾನು ಯಾಕೆ ಬೇಕು ಎಂದು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಹೇಳುತ್ತಾ ಹೇಳುತ್ತಾ ಕೆಲವೊಮ್ಮೆ ನನಗೇ ಅದು ಬೇಡವೆನಿಸಿ ಕೈಬಿಟ್ಟದ್ದೂ ಉಂಟು. ಆಗ ಅದು ನನಗೆ ಸೋಲಿನ ಹಾಗೆ ಕಾಣುತ್ತಿತ್ತು. ವಾರ್ಡನ್ ಎದುರಿಗೆ, ಅಡುಗೆಯವರ ಎದುರಿಗೆ ಮಾರಾಯ್ತಿ ಎನ್ನಿಸಿಕೊಳ್ಳುವುದು ಇನ್ನೂ ಹೆಚ್ಚು ಚುಚ್ಚುತ್ತಿತ್ತು.

ನಮ್ಮ ಕಡೆ ಒಬ್ಬರನ್ನು ಜಗಳವಿಲ್ಲದೆ ಮನೆಗೆ ಕಳಿಸುವ ಒಂದು ಒಳ್ಳೆಯ ಪದ್ಧತಿ ಇದೆ: ಸನ್ಮಾನ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದಾಗ ಶಾಲು ಹೊದಿಸಿಬಿಡುವುದು. ಹಾಸ್ಟೆಲಿನ ವಾರ್ಷಿಕೋತ್ಸವದ ದಿನ ಅಣ್ಣನಿಗೆ ಸನ್ಮಾನ ಮಾಡಿ, ಅವರನ್ನು ಟ್ರಸ್ಟಿನ ಗೌರವ ಸಲಹೆಗಾರರು ಎಂದು ಘೋಷಿಸೋಣ, ಅವರ ಜಾಗಕ್ಕೆ ಯಾರಾದರೂ ಚಿಕ್ಕವರನ್ನು ತೆಗೆದುಕೊಳ್ಳೋಣ ಎಂದು ನಾನು ಖಜಾಂಚಿಯ ಕಿವಿಯಲ್ಲಿ ಹಾಕಿದೆ. ಗೌರವ ಸಲಹೆಗಾರರು ಎಂದರೆ ಇನ್ನು ಮೇಲೆ ಸಲಹೆ ಕೇಳಬೇಕಾಗಿಲ್ಲದವರು ಎಂದು ಸಮಿತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಒಬ್ಬರೇ.

ಅವರ ಮನೆಯವರೆಲ್ಲ ಭದ್ರಾವತಿಯಿಂದ ವ್ಯಾನ್ ಮಾಡಿಕೊಂಡು ಬಂದಿದ್ದರು. ಸೊಸೆ ರೇಷ್ಮೆ ಸೀರೆ ಉಟ್ಟಿದ್ದಳು, ಮೊಮ್ಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಾನೇ ಪೇಟ ತೊಡಿಸಿದೆ, ಶಾಲು ಹೊದಿಸಿದೆ, ಹಣ್ಣಿನ ಬುಟ್ಟಿ ಕೊಟ್ಟೆ. ನೇರನುಡಿಯ ಹಿರಿಯರು, ನಮ್ಮ ತಪ್ಪುಗಳನ್ನು ತಿದ್ದಿದವರು ಎಂದು ಚೆನ್ನಾಗಿಯೇ ಭಾಷಣ ಮಾಡಿದೆ. ಅವರು ಮೈಕಿನ ಮುಂದೆ ನಿಂತರು, ಕೈ ಮುಗಿದು ಕುಳಿತುಬಿಟ್ಟರು. ಅಷ್ಟು ವರ್ಷದಲ್ಲಿ ಅವರು ಏನೂ ಹೇಳದೆ ಕುಳಿತದ್ದು ಅದೇ ಮೊದಲು. ನನಗೆ ಪಾಪ ಎನ್ನಿಸಿತು. ಜೊತೆಗೆ ನಿರಾಳವೂ ಆಯಿತು.

ಮುಂದಿನ ತಿಂಗಳ ಸಭೆಗೆ ಅವರು ಎಂದಿನ ಹಾಗೆ ಬಸ್ಸಿನಲ್ಲಿ ಬಂದುಬಿಟ್ಟರು. ಇಸ್ತ್ರಿ ಮಾಡಿದ ಬಿಳಿ ಷರಟು, ಕೈಯಲ್ಲಿ ಬಟ್ಟೆಯ ಚೀಲ. ಅವರ ಜಾಗದಲ್ಲಿ ಹೊಸ ಸದಸ್ಯರು ಕುಳಿತಿದ್ದರು. ಯಾರೂ ಏಳಲಿಲ್ಲ, ಎಲ್ಲರೂ ನನ್ನ ಮುಖ ನೋಡಿದರು. ನಾನೇ ಎದ್ದು ಹೋಗಿ ಬಾಗಿಲ ಹತ್ತಿರ ಮೆಲ್ಲಗೆ ಹೇಳಿದೆ. "ಅಣ್ಣ, ಸಲಹೆಗಾರರು ಪ್ರತಿ ಮೀಟಿಂಗಿಗೂ ಬರ್ಬೇಕು ಅಂತಿಲ್ಲ. ಬೇಕಾದಾಗ ನಾವೇ ಫೋನ್ ಮಾಡ್ತೀವಿ." ಅವರು ನನ್ನನ್ನು ನೋಡಿದರು, ನನ್ನ ಹಿಂದಿದ್ದ ಮರದ ಕುರ್ಚಿಯನ್ನು ನೋಡಿದರು. ಓ, ಹಾಗಾ ಎಂದರು. ವಾರ್ಡನ್ ಕಾಫಿ ತಂದುಕೊಟ್ಟಳು. ನಿಂತೇ ಕುಡಿದು, ಲೋಟವನ್ನು ತಾವೇ ತೊಳೆಯುವ ಕಡೆ ಇಟ್ಟು, ಬಸ್ಸಿಗೆ ಹೊರಟರು. ಫೋನ್ ಮಾಡುವ ಸಂದರ್ಭ ಬರಲಿಲ್ಲ. ಬರದಂತೆ ನೋಡಿಕೊಂಡೆ ಎನ್ನುವುದು ಸರಿ.

ಆಮೇಲೆ ಸಭೆಗಳು ಬಹಳ ಬೇಗ ಮುಗಿಯತೊಡಗಿದವು. ನಾನು ಹೇಳುವುದು, ಕೋಲೆ ಬಸವನ ಹಾಗೆ ಎಲ್ಲರೂ ತಲೆ ಆಡಿಸುವುದು, ಉಪ್ಪಿಟ್ಟು. ಸಂಜೆ ಗೇಟು ಮುಚ್ಚುವ ಸಮಯವನ್ನು ಏಳೂವರೆಯಿಂದ ಏಳಕ್ಕೆ ಇಳಿಸಿದ್ದು ಅಂಥ ಒಂದು ಸಭೆಯಲ್ಲೇ. ಯಾಕೆ ಇಳಿಸಿದೆ ಎಂದು ಈಗ ಕೇಳಿದರೆ ಗಟ್ಟಿಯಾದ ಕಾರಣವಿಲ್ಲ. ಯಾವುದೋ ಹುಡುಗಿಯ ತಂದೆ ಮಕ್ಕಳ ಮೇಲೆ ಸ್ವಲ್ಪ ಹಿಡಿತ ಇರಲಿ ಎಂದಿದ್ದರು. ಹಿಡಿತ ಎನ್ನುವ ಮಾತು ನನಗೆ ಹಿಡಿಸಿತು.

ಅದು ತೊಡರಿಕೊಂಡದ್ದು ಕೊನೆಯ ವರ್ಷದ ಬಿಕಾಂ ಹುಡುಗಿಯೊಬ್ಬಳ ಕಾಲಿಗೆ. ಅವಳು ಕಾಲೇಜು ಮುಗಿಸಿ ಮಧ್ಯಾಹ್ನದ ಮೇಲೆ ಊರಾಚೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ವರ್ಕ್‌ಶಾಪಿನ ಆಫೀಸಿನಲ್ಲಿ ಬಿಲ್ ಹೊಡೆಯುವ ಕೆಲಸ ಮಾಡುತ್ತಿದ್ದಳು. ಡಿಗ್ರಿ ಮುಗಿದರೆ ಅಲ್ಲೇ ಖಾಯಂ ಮಾಡಿಕೊಳ್ಳುತ್ತೇವೆ ಎಂದು ಅದರ ಮಾಲೀಕರು ಹೇಳಿದ್ದರಂತೆ. ಸಂಜೆ ಪಾಳಿ ಬಿಡುವ ಹೊತ್ತಿಗೆ ಅಲ್ಲಿಂದ ಬರುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ತಪ್ಪಿದರೆ ಇನ್ನೊಂದು, ಹೀಗೆ ಹಾಸ್ಟೆಲ್ ಮುಟ್ಟುವಾಗ ಏಳು ಕಳೆದು ಹತ್ತೋ ಇಪ್ಪತ್ತೋ ನಿಮಿಷ ಆಗುತ್ತಿತ್ತು. ವಾರ್ಡನ್ ಕೆಲವು ದಿನ ಬಿಟ್ಟಳು, ಆಮೇಲೆ ನನಗೆ ಹೆದರಿ ನನ್ನ ಕಿವಿಗೆ ಹಾಕಿದಳು.

ನಾನು ಸಂಜೆ ಹೋಗಿ ಊಟದ ಮನೆಯಲ್ಲಿ ಎಲ್ಲ ಹುಡುಗಿಯರ ಎದುರಿಗೆ ಅವಳನ್ನು ನಿಲ್ಲಿಸಿ ಕೇಳಿದೆ. ಅವಳು ಬಸ್ಸಿನ ಕಷ್ಟ ಹೇಳಿದಳು, ಪರೀಕ್ಷೆ ಮುಗಿಯುವವರೆಗೆ ಅರ್ಧ ಗಂಟೆ ಬಿಟ್ಟುಕೊಡಿ ಎಂದು ಕೇಳಿದಳು. ಒಬ್ಬರಿಗಾಗಿ ರೂಲ್ ಬದಲಾಯಿಸಲಾಗುವುದಿಲ್ಲ ಎಂದೆ. ಅವಳು ದನಿ ಏರಿಸಲಿಲ್ಲ. "ಮೊದ್ಲು ಏಳೂವರೇನೆ ಇತ್ತಲ್ಲ ಮೇಡಂ. ಏಳು ಗಂಟೆ ಹಾಸ್ಟೆಲ್ ರೂಲ್ ಅಲ್ಲ, ನೀವು ಮಾಡಿದ್ದು" ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಜೋಕು ಹೇಳದೆಯೂ ಆ ಕಟ್ಟಡದಲ್ಲಿ ಯಾರೋ ನಕ್ಕದ್ದು ಬಹಳ ದಿನಗಳ ಮೇಲೆ ಅದೇ ಮೊದಲು.

ಭಾನುವಾರದ ಸಭೆಯಲ್ಲಿ ಆ ಹುಡುಗಿ ಹಾಸ್ಟೆಲ್ ಖಾಲಿ ಮಾಡಬೇಕು ಎಂದು ನಾನೇ ಹೇಳಿದೆ. ಶಿಸ್ತು, ಉಳಿದ ಮಕ್ಕಳ ಮೇಲೆ ಪರಿಣಾಮ, ಹೆತ್ತವರ ನಂಬಿಕೆ, ಎಲ್ಲ ದೊಡ್ಡ ಮಾತುಗಳನ್ನೂ ಆಡಿದೆ. ಕಿಸಕ್ಕೆಂದದ್ದನ್ನು ಹೇಳಲಿಲ್ಲ. ಹೇಳಿ ಮುಗಿಸಿ ಒಂದು ಕ್ಷಣ ಸುಮ್ಮನೆ ಕಾದೆ. ದೇವರಾಣೆಗೂ ಕಾದೆ. ಪರೀಕ್ಷೆಗೆ ಇನ್ನು ತಿಂಗಳೊಪ್ಪತ್ತು ಇದೆ, ಈಗ ಆ ಹುಡುಗಿ ಎಲ್ಲಿಗೆ ಹೋಗಬೇಕು ಎಂದು ಯಾರಾದರೂ ಒಬ್ಬರು ಕೇಳಿದ್ದರೆ ನಾನು ಹಿಂದೆ ಸರಿಯುತ್ತಿದ್ದೆನೋ ಏನೋ. ಹೊಸ ಸದಸ್ಯರು ಉಪ್ಪಿಟ್ಟಿನಲ್ಲಿದ್ದ ಮೆಣಸಿನಕಾಯಿ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದರು. ಖಜಾಂಚಿ ನೀವು ಹೇಳಿದ ಮೇಲೆ ಮುಗೀತಲ್ಲ ಮೇಡಂ ಎಂದರು. ಮುಗಿಯಿತು.

ಅವಳ ತಂದೆ ಒಂದು ಗೂಡ್ಸ್ ಆಟೋ ತಂದು ಅವಳ ಟ್ರಂಕು, ಹಾಸಿಗೆ ಏರಿಸಿಕೊಂಡು ಹೋದರು. ಹೊರಡುವ ಮುಂಚೆ ನನ್ನ ಹತ್ತಿರ ಬಂದು ಕೈ ಮುಗಿದು, ಇಷ್ಟು ದಿನ ಇಟ್ಕೊಂಡಿದ್ರಲ್ಲ, ನಿಮ್ಮ ಉಪಕಾರ ಎಂದರು. ಮಗಳಿಗೂ ಕೈ ಮುಗಿ ಎಂದರು. ಅವಳು ಮುಗಿದಳು. ಜಗಳಕ್ಕೆ ಎಂದು ಸೆರಗು ಬಿಗಿದು ಕುಳಿತಿದ್ದ ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಅವರು ಬೈದಿದ್ದರೆ ನಾನೂ ಬೈದು, ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.

ಅವಳು ಭದ್ರಾವತಿಯಲ್ಲಿದ್ದ ಸೋದರತ್ತೆಯ ಮನೆಗೆ ಹೋಗಿದ್ದಳು. ಆ ಮನೆಯಲ್ಲಿ ಒಂದೇ ಕೋಣೆ, ಅತ್ತೆಗೆ ಹುಷಾರಿಲ್ಲ. ಅಡುಗೆ, ಮನೆಕೆಲಸ, ದಿನಾ ಶಿವಮೊಗ್ಗಕ್ಕೆ ಕಾಲೇಜು. ಮಾಚೇನಹಳ್ಳಿಯ ಕೆಲಸ ಬಿಟ್ಟುಹೋಯಿತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲು ಕಿವಿಗೆ ಬಿದ್ದದ್ದು ಬರೀ ಪರೀಕ್ಷೆಯ ಸುದ್ದಿ, ಅದೂ ವಾರ್ಡನ್ ಬಾಯಲ್ಲಿ. ಫಲಿತಾಂಶ ಬಂದ ಮೇಲೆ ಒಂದು ದಿನ ಮನೆಗೆ ಬಂದವಳು ಸಿಹಿ ಸುದ್ದಿ ಹೇಳುವವಳ ಹಾಗೆ ಹೇಳಿದಳು. "ಆ ಹುಡುಗಿ ಎರಡು ಸಬ್ಜೆಕ್ಟ್ ಫೇಲಂತೆ ಮೇಡಂ. ನೀವು ಕಳಿಸಿದ್ದೇ ಒಳ್ಳೇದಾಯ್ತು. ನಮ್ಮ ಹಾಸ್ಟೆಲಿನ ಹೆಸರು ಉಳೀತು."

ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆ ಮಾತು ಕೇಳಿದ ಕೂಡಲೇ ನನಗೆ ಸಂತೋಷವಾಯಿತು. ಒಂದೇ ಒಂದು ಕ್ಷಣ, ಆದರೆ ಸಂತೋಷವೇ. ನೋಡಿದೆಯಾ, ನಾನು ಅಂದುಕೊಂಡ ಹಾಗೇ ಆಯಿತು ಎನ್ನುವ ಸಂತೋಷ. ಆಮೇಲೆ ಒಳಗೆ ಹೋಗಿ ಕಾಫಿಗೆ ಹಾಲು ಇಟ್ಟೆ. ಅದು ಉಕ್ಕಿ ಒಲೆಯ ಮೇಲೆ ಸುರಿಯುವವರೆಗೂ ನಿಂತೇ ಇದ್ದೆ. ಒಂದು ಹುಡುಗಿಯ ಓದು ಕೆಟ್ಟಿತು ಎಂದರೆ ನನಗೆ ಸಂತೋಷವಾಗುತ್ತದೆ. ನಾನು ಎಷ್ಟು ದೂರ ಬಂದಿದ್ದೇನೆ ಎಂದು ಆಗ ಹೆದರಿಕೆಯಾಯಿತು.

ಮಾರನೆಯ ದಿನ ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತಿದೆ. ಹುಡುಗಿಯ ಹತ್ತಿರ ಹೋಗುವ ಧೈರ್ಯವಿರಲಿಲ್ಲ. ಹೋದದ್ದು ಅಣ್ಣನ ಮನೆಗೆ, ಬೈಸಿಕೊಳ್ಳಲು. ನಿಜವಾಗಿ ಅದಕ್ಕೇ. ಅವರು ಒಂದೆರಡು ಮಾತು ಚೆನ್ನಾಗಿ ಉಗಿದರೆ ಎದೆಯ ಭಾರ ಇಳಿದೀತು, ಆಮೇಲೆ ಸಮಿತಿಗೆ ವಾಪಸು ಕರೆಯಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಅವರು ಬಾಗಿಲಲ್ಲೇ ಎದ್ದು ನಿಂತರು. "ಬನ್ನಿ ಮೇಡಂ, ಒಳಗ್ ಬನ್ನಿ" ಎಂದರು. ಹುಟ್ಟಿದಾಗಿನಿಂದ ಬಲ್ಲವರು. ತಮಾಷೆಗೆ ಹೇಳುತ್ತಿದ್ದಾರೆ ಎಂದು ನಕ್ಕೆ. ಅವರು ನಗಲಿಲ್ಲ. ಸೊಸೆಯನ್ನು ಕರೆದು ಅಧ್ಯಕ್ಷರು ಬಂದಿದ್ದಾರೆ, ಒಳ್ಳೇ ಕಪ್ಪಿನಲ್ಲಿ ಕಾಫಿ ಕೊಡು ಎಂದರು.

ನಾನು ಎಲ್ಲವನ್ನೂ ಹೇಳಿದೆ. ಗೇಟು, ಬಸ್ಸು, ಕಿಸಕ್ಕೆಂದದ್ದು, ವಾರ್ಡನ್ ತಂದ ಸುದ್ದಿ, ನನಗಾದ ಸಂತೋಷ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಹಿಂದೆ ಅವರು ಹಾಗೆ ಕೇಳಿದವರೇ ಅಲ್ಲ. ಮುಗಿದ ಮೇಲೆ ಶಿಸ್ತು ಅಂದಮೇಲೆ ಇದೆಲ್ಲ ಇದ್ದದ್ದೇ, ನೀವು ಯೋಚನೆ ಮಾಡಿಯೇ ಮಾಡಿರುತ್ತೀರಿ ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಅಣ್ಣ, ನಾನು ಯೋಚನೆ ಮಾಡಲಿಲ್ಲ, ನಿನಗೆ ಗೊತ್ತು, ಬೈಯಿ ಎಂದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ, ಬೈಯಲೂ ಇಲ್ಲ.

"ಬೈಯೋದೂ ಒಂದು ಅಭ್ಯಾಸ ಮೇಡಂ. ನನಗೀಗ ತಪ್ಪೋಗಿದೆ" ಎಂದರು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮಂಡಿ ನೋವು ಈಗ ಹೇಗಿದೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದರು. ಸಮಿತಿಗೆ ಮತ್ತೆ ಬಾ ಎಂದು ಕರೆದೆ. ಒಮ್ಮೆ ಶಾಲು ಹೊದಿಸಿಕೊಂಡವನು ಮತ್ತೆ ಹೋದರೆ ಜನ ನಗುತ್ತಾರೆ, ಬೇಡ ಎಂದರು. ಆ ದಿನ ಅವರ ಬಾಯಿಂದ ಬಂದ ಬೇಡ ಅದೊಂದೇ. ಬಸ್ ಸ್ಟಾಪಿನವರೆಗೆ ಜೊತೆಗೆ ಬಂದು, ಸೀಟು ಸಿಕ್ಕಿತೇ ಎಂದು ಕಿಟಕಿಯಲ್ಲಿ ಕೇಳಿ, ನಾನು ಕೈ ಬೀಸುವ ಮುಂಚೆ ನಮಸ್ಕಾರ ಮಾಡಿದರು.

ಆ ತಿಂಗಳ ಸಭೆಯಲ್ಲಿ ನಾನು ಎದ್ದು ನಿಂತು, ಆ ಹುಡುಗಿಯ ವಿಷಯದಲ್ಲಿ ನಾನು ತಪ್ಪು ಮಾಡಿದೆ, ಸಿಟ್ಟಿನಿಂದ ಮಾಡಿದೆ, ಅವಳನ್ನು ವಾಪಸು ಕರೆಸಬೇಕು ಎಂದೆ. ಯಾರಾದರೂ ಹೌದು, ತಪ್ಪು ಮಾಡಿದಿರಿ ಎನ್ನಲಿ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಹಾಗೆಲ್ಲ ಹೇಳಬೇಡಿ ಮೇಡಂ, ನಿಮ್ಮದೇನೂ ತಪ್ಪಿಲ್ಲ, ಕಾಲ ಹಾಗಿತ್ತು ಎಂದರು ಒಬ್ಬರು. ಅಧ್ಯಕ್ಷರಾಗಿದ್ದೂ ಇಷ್ಟು ದೊಡ್ಡ ಮನಸ್ಸು ಯಾರಿಗೆ ಬರುತ್ತೆ ಎಂದರು ಖಜಾಂಚಿ. ಹೊಸ ಸದಸ್ಯರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಅವಳನ್ನು ಕಳಿಸಲು ಎಷ್ಟು ಹೊತ್ತಾಗಿತ್ತೋ ವಾಪಸು ಕರೆಸಲೂ ಅಷ್ಟೇ ಹೊತ್ತಾಯಿತು. ನಾನು ಕುಳಿತುಕೊಂಡೆ. ತಪ್ಪೊಪ್ಪಿಕೊಂಡು ಚಪ್ಪಾಳೆ ಗಿಟ್ಟಿಸಿದವಳ ನಾಚಿಕೆ ನಿಮಗೆ ಹೇಗೆ ಹೇಳಲಿ.

ರಾಜೀನಾಮೆ ಕೊಡಬಹುದಿತ್ತಲ್ಲ ಎಂದು ಯಜಮಾನರು ಕೇಳಿದರು. ಕೊಡಬಹುದಿತ್ತು. ಬೇರೆ ಯಾರಿದ್ದಾರೆ, ಮಕ್ಕಳ ಗತಿಯೇನು ಎಂದು ಅವರಿಗೆ ಹೇಳಿದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಕುರ್ಚಿ ಬಿಡಲು ಮನಸ್ಸು ಬರುತ್ತಿಲ್ಲ ಎನ್ನುವುದು ಅದಕ್ಕಿಂತ ಹೆಚ್ಚು ನಿಜ. ಇಷ್ಟೆಲ್ಲ ಆದ ಮೇಲೂ, ಬಾಗಿಲಲ್ಲಿ ನಾನು ಕಂಡ ಕೂಡಲೇ ಮಾತು ನಿಲ್ಲುವುದು ನನ್ನ ಕಿವಿಗೆ ಇಂಪಾಗಿಯೇ ಕೇಳುತ್ತದೆ.

ಹುಡುಗಿ ಬಂದಳು. ಉಳಿದ ಎರಡು ಸಬ್ಜೆಕ್ಟಿಗೆ ಓದಿಕೊಳ್ಳಲು ಅದೇ ಕೋಣೆ, ಅದೇ ಮಂಚ ಕೊಡಿಸಿದೆ. ಮಾಚೇನಹಳ್ಳಿಯ ಮಾಲೀಕರಿಗೆ ನಾನೇ ಫೋನ್ ಮಾಡಿ ಕೇಳಿದೆ. ಆ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಒಂದು ಸಂಜೆ ಹಾಸ್ಟೆಲಿಗೆ ಹೋದಾಗ ಅವಳು ಒಬ್ಬಳೇ ಊಟದ ಮನೆಯಲ್ಲಿ ಓದುತ್ತಾ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಕುಳಿತುಕೋ ಎಂದು ನಾನೇ ಅವಳ ಪಕ್ಕದ ಬೆಂಚಿನ ಮೇಲೆ ಕುಳಿತೆ. ಅಂದು ನಾನು ಮಾಡಿದ್ದು ತಪ್ಪು, ನೀನು ಹೇಳಿದ್ದೇ ಸರಿ ಎಂದೆ. ಅವಳು ತಲೆ ತಗ್ಗಿಸಿದಳು. ಗೇಟಿನ ಸಮಯ ಏಳಿರಬೇಕೋ ಏಳೂವರೆ ಇರಬೇಕೋ ನೀನೇ ಹೇಳು, ನೀನು ಹೇಗೆ ಹೇಳುತ್ತೀಯೋ ಹಾಗೆ ಮಾಡಿಸುತ್ತೇನೆ ಎಂದೆ. ಬೇಡಿಕೊಂಡೆ ಎಂದೇ ಹೇಳಬೇಕು.

ಅವಳು ಪುಸ್ತಕ ಮುಚ್ಚಿದಳು. ಬಾಗಿಲ ಕಡೆ ನೋಡಿದಳು, ಅಲ್ಲಿ ವಾರ್ಡನ್ ನಿಂತಿದ್ದಳು.

"ನೀವು ಹೇಗೆ ಹೇಳಿದ್ರೂ ಸರಿ ಮೇಡಂ" ಎಂದಳು.